ಮತ ಕೇಳಿ ಪೀಠವೇರಿದ ನ್ಯಾಯಾಧೀಶ

‘ಚುನಾಯಿತ’ ಎಂಬ ಪದ ಬಂದರೆ ಅದರ ಬೆನ್ನಿಗೆ ಏನು ಬರುತ್ತದೆಂದು ಕನ್ನಡ ಓದುವ ಯಾರಿಗಾದರೂ ಗೊತ್ತು. ಪ್ರತಿನಿಧಿ ಬರುತ್ತಾನೆ, ಸದಸ್ಯ ಬರುತ್ತಾನೆ, ಸರ್ಕಾರ ಬರುತ್ತದೆ. ನ್ಯಾಯಾಧೀಶ ಬರುವುದಿಲ್ಲ. ‘ಚುನಾಯಿತ ನ್ಯಾಯಾಧೀಶ’ ಎಂದು ಬರೆದರೆ ವ್ಯಾಕರಣದಲ್ಲಿ ಏನೂ ತಪ್ಪಿಲ್ಲ, ಆದರೂ ಅನ್ನದಲ್ಲಿ ಕಲ್ಲು ಸಿಕ್ಕಿದ ಹಾಗಾಗುತ್ತದೆ. ನ್ಯಾಯಾಧೀಶ ಎಂಬ ಪದದೊಳಗೇ ಒಬ್ಬ ಅಧೀಶ ಕೂತಿದ್ದಾನೆ. ಅಧೀಶನನ್ನು ಯಾರು ಬೆರಳಿಗೆ ಮಸಿ ಹಚ್ಚಿಸಿಕೊಂಡು ಆರಿಸುತ್ತಾರೆ? ನಮ್ಮ ನ್ಯಾಯಾಧೀಶರು ಪೀಠವನ್ನು ‘ಅಲಂಕರಿಸುತ್ತಾರೆ’. ಅಮೆರಿಕದ ಇಂಗ್ಲಿಷಿನಲ್ಲಿ ಅವರು ಆ ಜಾಗಕ್ಕಾಗಿ ‘ಓಡುತ್ತಾರೆ’.

ಅನುವಾದವನ್ನೇ ಹೊಟ್ಟೆಪಾಡು ಮಾಡಿಕೊಂಡ ನನ್ನಂಥವಳಿಗೆ ಇಂಥ ಕಲ್ಲುಗಳು ದಿನಾ ಸಿಗುತ್ತವೆ. ಈ ಕಲ್ಲು ಸಿಕ್ಕಿದ್ದು ಹೈದರಾಬಾದಿನಲ್ಲಿ ನೆಲೆಸಿರುವ ಹಿರಿಯ ದಂಪತಿಯೊಬ್ಬರಿಗೆ ಟೆಕ್ಸಾಸಿನ ಕೋರ್ಟ್ ಆದೇಶವನ್ನು ಕನ್ನಡಕ್ಕೆ ಮಾಡಿಕೊಡುವಾಗ. ಅವರ ಮಗನ ವಿಚ್ಛೇದನದ ಆದೇಶ ಅದು. ಮೊಮ್ಮಗು ಯಾವ ವಾರಾಂತ್ಯ ಯಾರ ಮನೆಯಲ್ಲಿ, ಬೇಸಿಗೆಯಲ್ಲಿ ಎಷ್ಟು ದಿನ, ಪಾಸ್‌ಪೋರ್ಟ್ ಯಾರ ಕೈಯಲ್ಲಿ, ಎಲ್ಲವೂ ಪುಟಗಟ್ಟಲೆ. ಪೂರ್ತಿ ಓದಿಸಿಕೊಂಡ ಮೇಲೆ ಅಜ್ಜ ಕೇಳಿದ್ದು ಒಂದೇ ಪ್ರಶ್ನೆ: ‘ಈ ಜಡ್ಜ್ ಯಾರಮ್ಮ? ಇವರನ್ನು ಅಲ್ಲಿ ಯಾರು ಕೂರಿಸಿದರು?’ ಹುಡುಕಿದೆ. ಮೊದಲು ಸಿಕ್ಕಿದ್ದೇ ಪ್ರಚಾರದ ಪುಟ. ಸಂಸಾರ ಸಮೇತ ನಗುತ್ತಿರುವ ಫೋಟೊ, ಪಕ್ಷದ ಹೆಸರು, ಬೆಂಬಲ ಕೊಟ್ಟವರ ಪಟ್ಟಿ, ಕೆಳಗೆ ದೇಣಿಗೆಗೊಂದು ಗುಂಡಿ. ಎಲ್ಲವನ್ನೂ ಓದಿ ಹೇಳಿದೆ. ಅಜ್ಜ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಹಾಗಾದರೆ ಸೊಸೆಗೆ ಓಟಿದೆ, ನಮ್ಮ ಮಗನಿಗಿಲ್ಲ’ ಎಂದರು. ಸೊಸೆ ಅಲ್ಲಿನ ಪೌರಳು. ಮಗನದು ಇನ್ನೂ ವೀಸಾ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಕೌಟುಂಬಿಕ ನ್ಯಾಯಾಧೀಶರನ್ನು ಚುನಾವಣೆಯಲ್ಲಿ ಆರಿಸುವುದು ಕೆಟ್ಟ ಪದ್ಧತಿ. ಆದರೆ ಅಜ್ಜನ ಪ್ರಶ್ನೆಗೆ ಟೆಕ್ಸಾಸಿನಲ್ಲಿ ಹತ್ತು ನಿಮಿಷದಲ್ಲಿ ಉತ್ತರ ಸಿಕ್ಕಿತು. ಅದೇ ಪ್ರಶ್ನೆಯನ್ನು ಬಾಂದ್ರಾದ ಕೌಟುಂಬಿಕ ನ್ಯಾಯಾಲಯದ ಬಗ್ಗೆಯೋ ಬೆಂಗಳೂರಿನದರ ಬಗ್ಗೆಯೋ ಕೇಳಿದ್ದರೆ ನನ್ನ ಹತ್ತಿರ ಒಂದು ಹೆಸರು, ಒಂದು ಹುದ್ದೆ ಬಿಟ್ಟು ಬೇರೇನೂ ಇರುತ್ತಿರಲಿಲ್ಲ. ಇದು ನನ್ನನ್ನು ಕಾಡಿದ್ದರಿಂದಲೇ ಬೆನ್ ಲಿಂಡ್ಸೆ ಎಂಬ ಮನುಷ್ಯನ ಕಥೆಯ ಹಿಂದೆ ಬಿದ್ದೆ. ನೂರು ವರ್ಷದ ಹಿಂದೆ ಅಮೆರಿಕದಲ್ಲಿ ಈತ ಮನೆಮಾತು. 1914ರಲ್ಲಿ ಅಲ್ಲಿನ ಒಂದು ಪತ್ರಿಕೆ ‘ಬದುಕಿರುವ ಅಮೆರಿಕನ್ನರಲ್ಲಿ ಅತಿ ದೊಡ್ಡವರು ಯಾರು’ ಎಂದು ಓದುಗರನ್ನು ಕೇಳಿದಾಗ ಉಕ್ಕಿನ ದೊರೆ ಆಂಡ್ರ್ಯೂ ಕಾರ್ನೆಗಿಯ ಜೊತೆ ಎಂಟನೆಯ ಸ್ಥಾನ ಹಂಚಿಕೊಂಡವನು. ಇವತ್ತು ಅಲ್ಲಿಯೂ ಕೇಳಿದವರು ಕಡಿಮೆ.

ಲಿಂಡ್ಸೆ ಹುಟ್ಟಿದ್ದು 1869ರಲ್ಲಿ, ಟೆನೆಸಿ ರಾಜ್ಯದ ಜಾಕ್ಸನ್ ಊರಲ್ಲಿ. ಮನೆಯವರು ಕೊಲರಾಡೊದ ಡೆನ್ವರಿಗೆ ವಲಸೆ ಹೋದರು. ಹುಡುಗನಿಗೆ ಹದಿನೆಂಟು ತುಂಬುವ ಆಸುಪಾಸಿನಲ್ಲಿ ಅಪ್ಪ ಸಾಲದಲ್ಲಿ ಮುಳುಗಿ ಆತ್ಮಹತ್ಯೆ ಮಾಡಿಕೊಂಡ. ಮನೆಯ ಹಿರಿಮಗ ಇವನೇ. ಬೆಳಿಗ್ಗೆ ಪೇಪರ್ ಹಾಕುವುದು, ಹಗಲು ಒಂದು ಆಫೀಸಿನಲ್ಲಿ ಓಡಾಡುವ ಕೆಲಸ, ರಾತ್ರಿ ಕಸ ಗುಡಿಸುವುದು, ಉಳಿದ ಹೊತ್ತಿನಲ್ಲಿ ವಕೀಲರೊಬ್ಬರ ಕಚೇರಿಯಲ್ಲಿ ಕಾನೂನು ಓದುವುದು. ಹತ್ತೊಂಬತ್ತರಲ್ಲಿ ಸಾಕಾಗಿ ಅವನೂ ಪಿಸ್ತೂಲನ್ನು ತಲೆಗಿಟ್ಟುಕೊಂಡು ಕುದುರೆ ಎಳೆದ, ಗುಂಡು ಹಾರಲಿಲ್ಲ. ಇದನ್ನು ಅವನೇ ಮುಂದೆ ಬರೆದುಕೊಂಡಿದ್ದಾನೆ. 1894ರಲ್ಲಿ ವಕೀಲನಾದ. ಕಾನೂನು ಕಾಲೇಜಿನ ಮೆಟ್ಟಿಲು ಹತ್ತಿದವನಲ್ಲ. ಕುಳ್ಳ, ಕೃಶ ಶರೀರ, ದೊಡ್ಡ ಮೀಸೆ. ಫೋಟೊಗಳಲ್ಲಿ ಹುಡುಗರ ನಡುವೆ ನಿಂತಾಗ ಮೀಸೆಯಿಂದಷ್ಟೇ ಗುರುತು ಹಿಡಿಯಬೇಕು.

ಹೊಸ ವಕೀಲನಿದ್ದಾಗ ಕೋರ್ಟ್ ಅವನಿಗೆ ಇಬ್ಬರು ಬಡ ಕೈದಿಗಳ ಪರ ವಾದಿಸಲು ಹೇಳಿತು. ಜೈಲಿಗೆ ಹೋಗಿ ನೋಡಿದರೆ ಇಬ್ಬರೂ ಹುಡುಗರು. ತಿಜೋರಿ ಒಡೆಯುವವನೊಬ್ಬ, ಕುದುರೆ ಕಳ್ಳನೊಬ್ಬ, ಅವರ ಜೊತೆ ಒಂದೇ ಕೋಣೆಯಲ್ಲಿ ಕೂತು ಇಸ್ಪೀಟು ಆಡುತ್ತಿದ್ದರು. ಈ ದೃಶ್ಯವೇ ತನ್ನ ಜೀವನದ ದಿಕ್ಕು ಬದಲಿಸಿತು ಎಂದು ಆತ ಹೇಳಿಕೊಳ್ಳುತ್ತಿದ್ದ. ನಂಬೋಣ. ಆದರೆ ಅವನನ್ನು ಪೀಠಕ್ಕೆ ತಂದದ್ದು ಈ ಮರುಕವಲ್ಲ, ಪಕ್ಷದ ಕೆಲಸ. ಡೆಮಾಕ್ರಟಿಕ್ ಪಕ್ಷದ ಬಣಗಳ ಜಗಳದಲ್ಲಿ ಸರಿಯಾದ ಬಣದ ಪರ ನಿಂತಿದ್ದ. ಅದಕ್ಕೆ ಮೊದಲು ಒಂದು ಸಣ್ಣ ಹುದ್ದೆ ಸಿಕ್ಕಿತು. ಆಮೇಲೆ ಕೌಂಟಿ ನ್ಯಾಯಾಧೀಶನ ಜಾಗ ಅವಧಿಯ ನಡುವೆ ಖಾಲಿಯಾದಾಗ, 1900–01ರ ಚಳಿಗಾಲದಲ್ಲಿ, ಅದೂ ಸಿಕ್ಕಿತು. ಮೂವತ್ತೊಂದು ವರ್ಷಕ್ಕೆ ಜಡ್ಜ್. ಆ ಮೇಲೆ ಪ್ರತಿ ಅವಧಿಗೂ ಮತ ಕೇಳಬೇಕು.

ಅಲ್ಲಿ ಕೂತ ಹೊಸದರಲ್ಲಿ ಅವನ ಮುಂದೆ ಒಂದು ಕೇಸು ಬಂತು. ರೈಲ್ವೆ ಅಂಗಳದಿಂದ ಕಲ್ಲಿದ್ದಲು ಕದ್ದ ಹುಡುಗ. ಸಾಕ್ಷಿ ಇತ್ತು, ಕಾನೂನು ಇತ್ತು, ಸುಧಾರಣಾ ಶಾಲೆಗೆ ಹಾಕು ಎಂದು ಆದೇಶ ಕೊಟ್ಟ. ಹಿಂದಿನ ಸಾಲಿನಲ್ಲಿ ಕೂತಿದ್ದ ತಾಯಿ ಚೀರಿದಳು. ಇಟಲಿಯಿಂದ ಬಂದ ವಲಸೆ ಕುಟುಂಬ. ಮನೆ ಬೆಚ್ಚಗಿಡಲು ಕದ್ದ ಕಲ್ಲಿದ್ದಲು. ಲಿಂಡ್ಸೆ ತನ್ನ ಆದೇಶವನ್ನು ತಾನೇ ತಡೆಹಿಡಿದು ಹುಡುಗನನ್ನು ತನ್ನ ನಿಗಾದಲ್ಲಿಟ್ಟುಕೊಂಡ. ಹಾಗೆ ಮಾಡಲು ಕಾನೂನಿನಲ್ಲಿ ಅವಕಾಶವಿದೆಯೇ ಎಂದು ಆಮೇಲೆ ಹುಡುಕಿದ. 1899ರ ಶಾಲಾ ಕಾಯ್ದೆಯೊಂದರಲ್ಲಿ ಪುಂಡ ವಿದ್ಯಾರ್ಥಿಗಳ ಬಗ್ಗೆ ಒಂದು ಕಲಮು ಸಿಕ್ಕಿತು. ಅಷ್ಟರ ಮೇಲೆ ಡೆನ್ವರಿನ ಬಾಲ ನ್ಯಾಯಾಲಯ ಎದ್ದು ನಿಂತಿತು. ಷಿಕಾಗೋದ ಕುಕ್ ಕೌಂಟಿಯಲ್ಲಿ ಅಂಥ ಮೊದಲ ಕೋರ್ಟು 1899ರಲ್ಲೇ ಶುರುವಾಗಿತ್ತು; ಆದರೆ ಜಗತ್ತಿಗೆ ಅದರ ಹೆಸರು ತಲುಪಿಸಿದ್ದು ಲಿಂಡ್ಸೆ. ಮುಂದೆ ಅದೇ ಡೆನ್ವರಿನ ಬಾಲ ಮತ್ತು ಕೌಟುಂಬಿಕ ನ್ಯಾಯಾಲಯವಾಯಿತು.

ಅವನ ಕೋರ್ಟಿನ ರೀತಿ ಓದಿದರೆ ಇವತ್ತಿಗೂ ಸೋಜಿಗ. ಶನಿವಾರ ಶನಿವಾರ ನಿಗಾದಲ್ಲಿರುವ ಹುಡುಗರು ಮೇಷ್ಟ್ರ ಚೀಟಿ ಹಿಡಿದುಕೊಂಡು ಸಾಲಾಗಿ ಬರಬೇಕು, ಜಡ್ಜ್ ಒಬ್ಬೊಬ್ಬರನ್ನೇ ಮಾತಾಡಿಸುತ್ತಾನೆ. ಗೋಲ್ಡನ್ ಎಂಬ ಊರಿನಲ್ಲಿದ್ದ ಸುಧಾರಣಾ ಶಾಲೆಗೆ ಹೋಗಬೇಕಾದ ಹುಡುಗನ ಕೈಗೆ ಆದೇಶದ ಕಾಗದ, ರೈಲಿನ ದುಡ್ಡು ಕೊಟ್ಟು, ‘ನೀನೇ ಹೋಗಿ ಸೇರಿಕೋ’ ಎಂದು ಕಳಿಸುತ್ತಿದ್ದ. ಪೊಲೀಸ್ ಇಲ್ಲ, ಬೇಡಿ ಇಲ್ಲ. ಹುಡುಗರು ಹೋಗಿ ಸೇರಿಕೊಳ್ಳುತ್ತಿದ್ದರು, ಬಹುತೇಕ ಎಲ್ಲರೂ. 1903ರಲ್ಲಿ ಹೊಸ ಕಾನೂನುಗಳಿಗೆ ಶಾಸನಸಭೆಯ ಒಪ್ಪಿಗೆ ಬೇಕಾದಾಗ, ಜೈಲಿನಲ್ಲಿ ತಮಗಾದದ್ದನ್ನು ಹುಡುಗರ ಬಾಯಿಂದಲೇ ರಾಜ್ಯದ ಗವರ್ನರಿಗೆ ಹೇಳಿಸಿದ. ಮಸೂದೆಗಳು ಪಾಸಾದವು. ಮಗು ಹಾಳಾಗಲು ಕಾರಣರಾದ ದೊಡ್ಡವರನ್ನು, ಅಪ್ಪ ಅಮ್ಮನನ್ನೂ ಸೇರಿಸಿ, ಹೊಣೆ ಮಾಡುವ ಕಾನೂನೂ ಅದರಲ್ಲಿ ಒಂದು.

ಈಗ ಚುನಾವಣೆಯ ಮಾತಿಗೆ ಬರೋಣ. ಇಂಥ ಜಡ್ಜನ್ನು ಊರಿನ ಬಲಿಷ್ಠರು ಇಷ್ಟಪಡುತ್ತಾರೆಯೇ? ಜೈಲಿನ ಅವ್ಯವಹಾರ ಬಯಲಿಗೆಳೆದ, ಸರ್ಕಾರಿ ಖರೀದಿಯಲ್ಲಿ ನುಂಗಿದವರನ್ನು ಹೆಸರಿಸಿದ, ಟ್ರಾಮ್ ಮತ್ತು ನೀರಿನ ಕಂಪನಿಗಳು ಎರಡೂ ಪಕ್ಷಗಳನ್ನು ಹೇಗೆ ಕೊಂಡುಕೊಂಡಿವೆ ಎಂದು 1910ರಲ್ಲಿ ‘ದ ಬೀಸ್ಟ್’ ಎಂಬ ಪುಸ್ತಕವನ್ನೇ ಬರೆದ. 1908ರ ಚುನಾವಣೆಯಲ್ಲಿ ಎರಡೂ ಪಕ್ಷಗಳು ಟಿಕೆಟ್ ಕೊಡಲಿಲ್ಲ. ಸ್ವತಂತ್ರ ಅಭ್ಯರ್ಥಿಯಾಗಿ ನಿಂತ, ದೊಡ್ಡ ಅಂತರದಲ್ಲಿ ಗೆದ್ದ. ಗೆಲ್ಲಿಸಿದವರು ಯಾರು? ಮುಖ್ಯವಾಗಿ ಹೆಂಗಸರು. ಕೊಲರಾಡೊದಲ್ಲಿ ಹೆಂಗಸರಿಗೆ 1893ರಲ್ಲೇ ಮತದ ಹಕ್ಕು ಬಂದಿತ್ತು, ಇಡೀ ದೇಶಕ್ಕೆ ಬರುವ 27 ವರ್ಷ ಮೊದಲು. ಜೊತೆಗೆ ಮತವೇ ಇಲ್ಲದ ಹುಡುಗರು ಬೀದಿ ಬೀದಿಯಲ್ಲಿ ಕೂಗುತ್ತ ಮೆರವಣಿಗೆ ಮಾಡಿದರು. ನೇಮಕದ ಪದ್ಧತಿ ಇದ್ದಿದ್ದರೆ ಲಿಂಡ್ಸೆಯ ಕಥೆ 1908ಕ್ಕೇ ಮುಗಿಯುತ್ತಿತ್ತು. ನೇಮಕ ಮಾಡುವ ಕೈಗಳೇ ಅವನನ್ನು ತಳ್ಳಲು ನೋಡುತ್ತಿದ್ದವು. ಈ ಒಂದು ಸಂಗತಿಗೆ ಉತ್ತರ ಹೇಳದೆ ಚುನಾವಣೆಯನ್ನು ಬೈಯುವುದು ಸುಲಭದ ದಾರಿ, ನನಗೆ ಅದು ಬೇಡ.

1915ರ ಒಂದು ಪ್ರಕರಣ ಇನ್ನೂ ತೊಡಕಿನದು. ಗಂಡನನ್ನು ಕೊಂದ ಆರೋಪ ಒಬ್ಬ ಹೆಂಗಸಿನ ಮೇಲೆ. ಅವಳ ಚಿಕ್ಕ ಮಗ ಲಿಂಡ್ಸೆಯ ಹತ್ತಿರ ಗುಟ್ಟಾಗಿ ಏನೋ ಹೇಳಿದ್ದ. ಏನು ಹೇಳಿದ ಎಂದು ವಿಚಾರಣೆಯಲ್ಲಿ ಲಿಂಡ್ಸೆಯನ್ನೇ ಕಟಕಟೆಗೆ ಕರೆದು ಕೇಳಿದರು. ಮಗುವಿಗೆ ಕೊಟ್ಟ ಮಾತು ಮುರಿಯುವುದಿಲ್ಲ ಎಂದ. ನ್ಯಾಯಾಂಗ ನಿಂದನೆಗೆ 500 ಡಾಲರ್ ದಂಡ ಬಿತ್ತು. ರಾಜ್ಯದ ಸುಪ್ರೀಂ ಕೋರ್ಟೂ ದಂಡವನ್ನು ಎತ್ತಿಹಿಡಿಯಿತು. ಕಟ್ಟಲು ಡೆನ್ವರಿನ ಮಕ್ಕಳು ಪೆನ್ನಿ ಪೆನ್ನಿ ಕೂಡಿಸಿದರು. ನ್ಯಾಯಾಧೀಶನೇ ಸಾಕ್ಷಿ ಹೇಳುವುದಿಲ್ಲ ಎಂದರೆ ಕಾನೂನು ಎಲ್ಲಿಗೆ ಹೋಗಬೇಕು? ಆದರೆ ಅವತ್ತು ಬಾಯಿ ಬಿಟ್ಟಿದ್ದರೆ ಮಾರನೆಯ ಶನಿವಾರದಿಂದ ಯಾವ ಹುಡುಗ ಅವನ ಹತ್ತಿರ ನಿಜ ಹೇಳುತ್ತಿದ್ದ? ನಾನು ಲಿಂಡ್ಸೆಯ ಪರ. ನನ್ನ ವಕೀಲ ಗೆಳತಿ ಇದನ್ನು ಓದಿದರೆ ಫೋನ್ ಮಾಡಿ ಜಗಳವಾಡುತ್ತಾಳೆ.

ಮತ ಎತ್ತಿದವನನ್ನು ಮತವೇ ಇಳಿಸಿತು. 1920ರ ದಶಕದ ಕೊಲರಾಡೊದಲ್ಲಿ ಕು ಕ್ಲಕ್ಸ್ ಕ್ಲಾನ್ ಬೆಳೆದ ರೀತಿ ಹೊರಗಿನವರಿಗೆ ನಂಬಲು ಕಷ್ಟ. ಡೆನ್ವರಿನ ಮೇಯರ್ ಕ್ಲಾನಿನವನು. 1924ರ ನವೆಂಬರಿನಲ್ಲಿ ಗೆದ್ದ ಗವರ್ನರ್ ಕ್ಲಾರೆನ್ಸ್ ಮಾರ್ಲಿಯೂ ಕ್ಲಾನಿನವನು. ಕ್ಯಾಥೊಲಿಕರು, ಯಹೂದಿಗಳು, ಕರಿಯರು, ವಲಸಿಗರು ಅವರ ಗುರಿ. ಇವರ ಮಕ್ಕಳೇ ಲಿಂಡ್ಸೆಯ ಕೋರ್ಟಿಗೆ ಬರುತ್ತಿದ್ದದ್ದು. ಅವನು ಕ್ಲಾನನ್ನು ಬಹಿರಂಗವಾಗಿ ವಿರೋಧಿಸಿದ. ಅದೇ ಚುನಾವಣೆಯಲ್ಲಿ ಕ್ಲಾನ್ ಬೆಂಬಲದ ಎದುರಾಳಿಯ ವಿರುದ್ಧ ಕೂದಲೆಳೆಯಷ್ಟು ಅಂತರದಲ್ಲಿ ಗೆದ್ದ. ಕೆಲವೇ ವಾರದಲ್ಲಿ, 1925ರ ಆರಂಭದಲ್ಲಿ, ರಾಜ್ಯದ ಕ್ಲಾನ್ ನಾಯಕ ಡಾಕ್ಟರ್ ಜಾನ್ ಗೇಲನ್ ಲಾಕ್ ಮೇಲೆ ಒಂದು ದೂರು ಬಂತು. ಹದಿಹರೆಯದ ಹುಡುಗನೊಬ್ಬನನ್ನು ಹಿಡಿದು ತಂದು, ಗರ್ಭಿಣಿಯಾಗಿದ್ದ ಹುಡುಗಿಯನ್ನು ಮದುವೆಯಾಗು, ಇಲ್ಲವಾದರೆ ಬೀಜ ಒಡೆಯುತ್ತೇವೆ ಎಂದು ಹೆದರಿಸಿ ತಾಳಿ ಕಟ್ಟಿಸಿದ (ಅಲ್ಲಿ ಉಂಗುರ ತೊಡಿಸಿದ) ಆರೋಪ. ಲಾಕ್ ಬಂಧನಕ್ಕೆ ವಾರಂಟ್ ಹೊರಡಿಸಿದ್ದು ಲಿಂಡ್ಸೆ.

ಸೋತವನ ಕಡೆಯವರು ಚುನಾವಣೆಯನ್ನು ಕೋರ್ಟಿನಲ್ಲಿ ಪ್ರಶ್ನಿಸಿದರು. ಆ ಎದುರಾಳಿ ನಡುವೆಯೇ ತೀರಿಕೊಂಡ; ಅವನಿಗೆ ಬರಬೇಕಿದ್ದ ಸಂಬಳಕ್ಕಾಗಿ ಹೆಂಡತಿ ದಾವೆ ಮುಂದುವರಿಸಿದಳು. 1927ರ ಜನವರಿಯಲ್ಲಿ ಕೊಲರಾಡೊದ ಸುಪ್ರೀಂ ಕೋರ್ಟ್, ಹೆಚ್ಚಾಗಿ ಯಹೂದಿಗಳೇ ಇದ್ದ ಒಂದು ಮತಗಟ್ಟೆಯ ಮತಗಳನ್ನು ಅಕ್ರಮದ ಕಾರಣ ಕೊಟ್ಟು ಪೂರ್ತಿ ತೆಗೆದುಹಾಕಿತು. ಆ ಮತಗಳಿಲ್ಲದೆ ಲಿಂಡ್ಸೆ ಸೋತ. 26 ವರ್ಷ ಕೂತ ಪೀಠ ಹೋಯಿತು. ಹೊರಡುವ ಮುನ್ನ ಅವನು ಮಾಡಿದ ಕೆಲಸ ನನಗೆ ಮರೆಯಲಾಗದ್ದು: ಮಕ್ಕಳು, ಹೆಂಗಸರು ತನ್ನನ್ನು ನಂಬಿ ಹೇಳಿಕೊಂಡಿದ್ದ ಗುಟ್ಟಿನ ಕಡತಗಳನ್ನೆಲ್ಲ ಒಂದು ಖಾಲಿ ಜಾಗಕ್ಕೆ ಹೊತ್ತು ತಂದು, ಹೆಂಡತಿ ಮತ್ತು ಗೆಳೆಯರ ಜೊತೆ ನಿಂತು ಸುಟ್ಟುಹಾಕಿದ. ಮುಂದೆ ಕೂರುವವರ ಕೈಗೆ ಅವು ಸಿಗಬಾರದು ಎಂದು.

ಇಲ್ಲಿಗೆ ನಿಲ್ಲಿಸಿದರೆ ಹುತಾತ್ಮನ ಕಥೆ. ಆದರೆ 1929ರಲ್ಲಿ ಕೊಲರಾಡೊ ಅವನ ವಕೀಲಿ ಸನ್ನದನ್ನೂ ಕಿತ್ತುಕೊಂಡಿತು. ಜಡ್ಜ್ ಆಗಿದ್ದಾಗಲೇ ರಾಜ್ಯದ ಹೊರಗಿನ ಒಂದು ದೊಡ್ಡ ಆಸ್ತಿ ವ್ಯಾಜ್ಯದಲ್ಲಿ ನೆರವಾಗಿ ಹಣ ಪಡೆದ ಆರೋಪ. ದ್ವೇಷ ಇತ್ತು, ನಿಜ. ಹಣ ಪಡೆದದ್ದೂ ನಿಜ. ಅದು ಉಡುಗೊರೆ, ಶುಲ್ಕವಲ್ಲ ಎಂದು ಅವನು ವಾದಿಸಿದ. ಕೋರ್ಟಿನ ಪೀಠದಲ್ಲಿ ಕೂತವರಿಗೆ ಬರುವ ಉಡುಗೊರೆಗಳ ಬಗ್ಗೆ ನಮಗೆ ಯಾರೂ ಪಾಠ ಹೇಳಿಕೊಡಬೇಕಿಲ್ಲ. ಇಪ್ಪತ್ತಾರು ವರ್ಷ ಜನರ ಪ್ರೀತಿಯಲ್ಲಿ ಗೆಲ್ಲುತ್ತ ಬಂದವನಿಗೆ ತಾನು ಮಾಡಿದ್ದೆಲ್ಲ ಸರಿ ಎನ್ನಿಸತೊಡಗುತ್ತದೇನೋ.

ಈ ‘ಪ್ರೀತಿಯ ಜಡ್ಜ್’ ಮಾದರಿಯ ಮೇಲೇ ನನಗೆ ಇನ್ನೊಂದು ತಕರಾರಿದೆ. ಲಿಂಡ್ಸೆಯ ಕೋರ್ಟಿನಲ್ಲಿ ವಕೀಲರಿಗೆ, ಸಾಕ್ಷ್ಯದ ನಿಯಮಗಳಿಗೆ ಹೆಚ್ಚು ಜಾಗವಿರಲಿಲ್ಲ. ಜಡ್ಜೇ ಅಪ್ಪ, ಜಡ್ಜೇ ಅಣ್ಣ. ಅಪ್ಪ ಒಳ್ಳೆಯವನಾಗಿದ್ದರೆ ಸರಿ. 1964ರಲ್ಲಿ ಅರಿಜೋನಾದಲ್ಲಿ ಒಬ್ಬ ಹದಿನೈದರ ಹುಡುಗನನ್ನು, ಅಸಭ್ಯ ಫೋನ್ ಕರೆ ಮಾಡಿದ ಎಂಬ ದೂರಿನ ಮೇಲೆ, ವಕೀಲರಿಲ್ಲದೆ, ದೂರು ಕೊಟ್ಟಾಕೆಯನ್ನೂ ಕರೆಸದೆ, ಇಪ್ಪತ್ತೊಂದು ತುಂಬುವವರೆಗೆ ಸುಧಾರಣಾ ಶಾಲೆಗೆ ಕಳಿಸಲಾಯಿತು. ಅದೇ ಅಪರಾಧಕ್ಕೆ ದೊಡ್ಡವರಿಗೆ ಹೆಚ್ಚೆಂದರೆ ಎರಡು ತಿಂಗಳ ಜೈಲು. 1967ರ ಗಾಲ್ಟ್ ತೀರ್ಪಿನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಮಕ್ಕಳಿಗೂ ವಕೀಲರ ಹಕ್ಕು, ಆರೋಪ ತಿಳಿಯುವ ಹಕ್ಕು ಇದೆ ಎಂದಿತು. ಲಿಂಡ್ಸೆಯ ಮೀಸೆಯ ನಗುವನ್ನು ಕಾನೂನಾಗಿ ಬರೆದಿಡಲು ಬರುವುದಿಲ್ಲ. ಬರೆದಿಟ್ಟದ್ದು ಅವನ ಅಧಿಕಾರ ಮಾತ್ರ.

ಚುನಾವಣೆಯ ಪರ ಲಿಂಡ್ಸೆಯನ್ನು ಸಾಕ್ಷಿಗೆ ಕರೆಯುವವರು ಜೇನ್ ಬೋಲಿನ್ ಕಥೆಯನ್ನೂ ಕೇಳಬೇಕು. 1931ರಲ್ಲಿ ಯೇಲ್ ಕಾನೂನು ಶಾಲೆಯಿಂದ ಪದವಿ ಪಡೆದ ಮೊದಲ ಕಪ್ಪು ಮಹಿಳೆ. 1939ರ ಜುಲೈಯಲ್ಲಿ ನ್ಯೂಯಾರ್ಕ್ ಮೇಯರ್ ಲಗಾರ್ಡಿಯಾ ಆಕೆಯನ್ನು ವಿಶ್ವಮೇಳದ ಮೈದಾನಕ್ಕೆ ಕರೆಸಿ ಕೌಟುಂಬಿಕ ವ್ಯವಹಾರಗಳ ಕೋರ್ಟಿನ ನ್ಯಾಯಾಧೀಶೆಯಾಗಿ ಪ್ರಮಾಣವಚನ ಬೋಧಿಸಿದ. ಇಡೀ ಅಮೆರಿಕದ ಮೊದಲ ಕಪ್ಪು ನ್ಯಾಯಾಧೀಶೆ. ಆಕೆ ಸುಮಾರು 40 ವರ್ಷ ಅಲ್ಲಿ ಕೂತರು. ಪ್ರೊಬೇಷನ್ ಅಧಿಕಾರಿಗಳನ್ನು ಬಣ್ಣ ನೋಡಿ ಹಂಚುವ ಪದ್ಧತಿ ನಿಂತದ್ದು, ಸಾರ್ವಜನಿಕ ಹಣ ಪಡೆಯುವ ಖಾಸಗಿ ಮಕ್ಕಳ ಮನೆಗಳು ಎಲ್ಲ ಜನಾಂಗದ ಮಕ್ಕಳನ್ನೂ ಸೇರಿಸಿಕೊಳ್ಳಬೇಕಾದದ್ದು ಆಕೆಯ ಹಟದಿಂದ. 1939ರಲ್ಲಿ ನ್ಯೂಯಾರ್ಕಿನ ಮತದಾರರು ಆಕೆಯನ್ನು ಆರಿಸುತ್ತಿದ್ದರೇ? ನನಗೆ ಅನುಮಾನ. ಇವತ್ತಿಗೂ ನ್ಯೂಯಾರ್ಕ್ ನಗರದಲ್ಲಿ ಕೌಟುಂಬಿಕ ನ್ಯಾಯಾಧೀಶರನ್ನು ಮೇಯರ್ ನೇಮಿಸುತ್ತಾರೆ, ಅದೇ ರಾಜ್ಯದ ಉಳಿದ ಕೌಂಟಿಗಳಲ್ಲಿ ಜನ ಆರಿಸುತ್ತಾರೆ; ಎರಡಕ್ಕೂ ಅವಧಿ ಹತ್ತು ವರ್ಷ. ಸೌತ್ ಕೆರೊಲಿನಾದಲ್ಲಿ ಶಾಸಕರು ಮತ ಹಾಕಿ ಆರಿಸುತ್ತಾರೆ. ಒಂದೇ ದೇಶ, ಒಂದೇ ಕೆಲಸ, ಮೂರು ಬಾಗಿಲು.

ಒಂದು ಅಡ್ಡಮಾತು. ಓಹಾಯೋದ ಫ್ಲಾರೆನ್ಸ್ ಆಲನ್ 1920ರಲ್ಲಿ, ಹೆಂಗಸರಿಗೆ ಮತದ ಹಕ್ಕು ಬಂದ ಕೆಲವೇ ವಾರಗಳಲ್ಲಿ, ಚುನಾವಣೆ ಗೆದ್ದು ಜಡ್ಜ್ ಆದರು. ಹೆಂಗಸಲ್ಲವೇ, ವಿಚ್ಛೇದನದ ಕೇಸುಗಳನ್ನು ಇವರಿಗೇ ಕೊಡೋಣ ಎಂದು ಸಹೋದ್ಯೋಗಿ ಗಂಡಸರು ಯೋಚಿಸಿದರಂತೆ. ನಾನು ಮದುವೆಯಾಗಿಲ್ಲ, ನಿಮಗೆಲ್ಲ ಆಗಿದೆ, ಅದು ನಿಮಗೇ ಚೆನ್ನಾಗಿ ಗೊತ್ತಿರುವ ವಿಷಯ ಎಂಬರ್ಥದ ಉತ್ತರ ಕೊಟ್ಟು ತಪ್ಪಿಸಿಕೊಂಡರು.

ಇವತ್ತಿನ ಚುನಾವಣೆಗಳ ಬಗ್ಗೆ ಹೆಚ್ಚು ಹೇಳಬೇಕಾದದ್ದಿಲ್ಲ. 2018ರಲ್ಲಿ ಹೂಸ್ಟನ್ ಇರುವ ಹ್ಯಾರಿಸ್ ಕೌಂಟಿಯಲ್ಲಿ ನ್ಯಾಯಾಧೀಶರ ಸ್ಥಾನಗಳನ್ನು ಒಂದೇ ಪಕ್ಷ ಗುಡಿಸಿ ಬಾಚಿಕೊಂಡಿತು. ಜನ ಮೇಲಿನ ಒಂದು ಗುಂಡಿ ಒತ್ತಿ ಪಕ್ಷದ ಇಡೀ ಪಟ್ಟಿಗೆ ಮತ ಹಾಕಬಹುದಾಗಿದ್ದ ಕಾಲ. ಕೆಳಗೆ ಕೌಟುಂಬಿಕ ಕೋರ್ಟಿನಲ್ಲಿ ಕೂತಿದ್ದವರು ಒಳ್ಳೆಯವರೋ ಕೆಟ್ಟವರೋ ಯಾರೂ ನೋಡಲಿಲ್ಲ. 2010ರಲ್ಲಿ ಅಯೋವಾದ ಮತದಾರರು ರಾಜ್ಯ ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳನ್ನು ಮನೆಗೆ ಕಳಿಸಿದ್ದು ಹಿಂದಿನ ವರ್ಷ ಸಲಿಂಗ ವಿವಾಹಕ್ಕೆ ಅವಕಾಶ ಕೊಟ್ಟ ತೀರ್ಪಿಗಾಗಿ. ಲಿಂಡ್ಸೆಯ ಕೊಲರಾಡೊವೇ 1966ರಲ್ಲಿ ಸಂವಿಧಾನ ತಿದ್ದಿ ಪೈಪೋಟಿಯ ಚುನಾವಣೆ ಬಿಟ್ಟಿತು. ಈಗ ಅಲ್ಲಿ ಒಂದು ಸಮಿತಿ ಹೆಸರು ಸೂಚಿಸುತ್ತದೆ, ಗವರ್ನರ್ ನೇಮಿಸುತ್ತಾರೆ, ಆಮೇಲೆ ಆಗಾಗ ‘ಇವರು ಮುಂದುವರಿಯಲೇ’ ಎಂದು ಜನರನ್ನು ಕೇಳುತ್ತಾರೆ. ಮಗುವಿನ ಪಾಲನೆ ತೀರ್ಮಾನಿಸುವವರ ಕಣ್ಣಿನ ಅಂಚಿನಲ್ಲಿ ಮುಂದಿನ ನವೆಂಬರ್ ಇರಬಾರದು. ಊರಲ್ಲಿ ಓಟಿರುವ ಅಮ್ಮ, ಓಟಿಲ್ಲದ ಅಪ್ಪ ಎಂಬ ಲೆಕ್ಕ ಯಾವ ಜಡ್ಜೂ ಹಾಕುವುದಿಲ್ಲವೆಂದೇ ಇಟ್ಟುಕೊಳ್ಳೋಣ. ಹೈದರಾಬಾದಿನ ಅಜ್ಜನಿಗೆ ಆ ಅನುಮಾನ ಬಂತಲ್ಲ, ಅಷ್ಟೇ ನಷ್ಟ ಸಾಕು.

ಹಾಗಾದರೆ ನಮ್ಮ ಬಾಗಿಲು ಎಂಥದ್ದು? 1984ರ ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆಯ 4ನೇ ಕಲಮು ತೆಗೆದು ನೋಡಿ. ಹೈಕೋರ್ಟಿನ ಒಪ್ಪಿಗೆಯ ಮೇರೆಗೆ ರಾಜ್ಯ ಸರ್ಕಾರ ನೇಮಿಸುತ್ತದೆ. ಏಳು ವರ್ಷ ನ್ಯಾಯಾಂಗದ ಹುದ್ದೆಯೋ ಏಳು ವರ್ಷ ಹೈಕೋರ್ಟ್ ವಕೀಲಿಕೆಯೋ ಇರಬೇಕು. ಹೆಂಗಸರಿಗೆ ಆದ್ಯತೆ. ಇಷ್ಟು ಸರಿ. ಆದರೆ ಅದೇ ಕಲಮಿನಲ್ಲಿ ಇನ್ನೊಂದು ಮಾತಿದೆ: ವಿವಾಹ ಸಂಸ್ಥೆಯನ್ನು ರಕ್ಷಿಸಿ ಉಳಿಸುವ ಅಗತ್ಯಕ್ಕೆ ಬದ್ಧರಾದವರನ್ನು ಆರಿಸಲು ಎಲ್ಲ ಪ್ರಯತ್ನ ಮಾಡಬೇಕು. ಜೊತೆಗೆ ಮಕ್ಕಳ ಹಿತ, ರಾಜಿ, ಆಪ್ತಸಲಹೆ ಎಲ್ಲ ಇದೆ, ಅದಕ್ಕೆ ತಕರಾರಿಲ್ಲ. ವಿವಾಹವನ್ನು ‘ಉಳಿಸುವ ಬದ್ಧತೆ’ ಎಂಬುದು ಮಾತ್ರ ನನಗೆ ಒಂದು ಪ್ರಣಾಳಿಕೆಯ ಹಾಗೆ ಕೇಳಿಸುತ್ತದೆ. ಬಾಡಿಗೆ ಕೋರ್ಟಿನ ಜಡ್ಜ್ ಬಾಡಿಗೆ ಪದ್ಧತಿ ಉಳಿಸಲು ಬದ್ಧರಾಗಿರಬೇಕು ಎಂದು ಯಾವ ಕಾನೂನಾದರೂ ಹೇಳುತ್ತದೆಯೇ? ಹೊಡೆಸಿಕೊಂಡು ಬಂದು ಕೂತ ಹೆಂಗಸಿನ ಎದುರಿಗಿರುವವರು ಮೊದಲೇ ಒಂದು ಕಡೆ ಬದ್ಧರು ಎಂದಾಯಿತು. ಅಮೆರಿಕದಲ್ಲಿ ಅಭ್ಯರ್ಥಿ ಇಂಥ ಮಾತನ್ನು ಬೀದಿಯಲ್ಲಿ ನಿಂತು ಹೇಳುತ್ತಾನೆ, ಬೇಡವಾದವರು ವಿರುದ್ಧ ಮತ ಹಾಕುತ್ತಾರೆ. ನಮ್ಮಲ್ಲಿ ಅದನ್ನು ಕಾಯ್ದೆಯೊಳಗೇ ಬರೆದಿಟ್ಟು, ಯಾರಿಗೂ ಕೇಳದ ಹಾಗೆ ಅಳೆಯುತ್ತಾರೆ. ಹೇಗೆ ಅಳೆಯುತ್ತಾರೆ ಎಂದು ಕಾಯ್ದೆ ಹೇಳುವುದಿಲ್ಲ.

ಈ ಅಳತೆಗೆ ಲಿಂಡ್ಸೆ ಸಿಕ್ಕುತ್ತಿರಲಿಲ್ಲ. ಪೀಠ ಹೋದ ಅದೇ 1927ರಲ್ಲಿ ಅವನು ವೈನ್‌ರೈಟ್ ಇವಾನ್ಸ್ ಜೊತೆ ‘ದ ಕಂಪ್ಯಾನಿಯನೇಟ್ ಮ್ಯಾರೇಜ್’ ಪುಸ್ತಕ ತಂದ. ಕನ್ನಡದಲ್ಲಿ ಏನನ್ನೋಣ? ‘ಸಖ್ಯ ವಿವಾಹ’ ಎಂದರೆ ಸಂಸ್ಕೃತದ ಮಡಿ ಬರುತ್ತದೆ, ‘ಒಡನಾಟದ ಮದುವೆ’ ಎಂದರೆ ಮದುವೆಯೇ ಅಲ್ಲ ಅನ್ನಿಸುತ್ತದೆ. ಊರಿನ ಪಾದ್ರಿಗಳಿಗೆ ಅನ್ನಿಸಿದ್ದೂ ಎರಡನೆಯದೇ. ಅವನು ಕೇಳಿದ್ದು ಇಷ್ಟು: ಮದುವೆ ಕಾನೂನುಬದ್ಧವೇ ಇರಲಿ, ಗರ್ಭನಿರೋಧ ಕಾನೂನುಬಾಹಿರವಾಗದಿರಲಿ, ಮಕ್ಕಳಿಲ್ಲದ ದಂಪತಿ ಇಬ್ಬರೂ ಒಪ್ಪಿದರೆ ವಿಚ್ಛೇದನ ಸಿಗಲಿ. 1930ರಲ್ಲಿ ನ್ಯೂಯಾರ್ಕಿನ ದೊಡ್ಡ ಕೆಥೆಡ್ರಲಿನಲ್ಲಿ ಬಿಷಪ್ ಇವನನ್ನು ಖಂಡಿಸಿ ಪ್ರವಚನ ಮಾಡುತ್ತಿದ್ದಾಗ ಎದ್ದು ನಿಂತು ಉತ್ತರಿಸಲು ಹೋಗಿ ಹೊರದಬ್ಬಿಸಿಕೊಂಡ. ಅಷ್ಟು ಗದ್ದಲವಾದ ಆ ಪರಸ್ಪರ ಒಪ್ಪಿಗೆಯ ವಿಚ್ಛೇದನ ನಮ್ಮಲ್ಲಿ 1954ರ ವಿಶೇಷ ವಿವಾಹ ಕಾಯ್ದೆಯಲ್ಲೇ ಇತ್ತು. 1976ರ ತಿದ್ದುಪಡಿಯಲ್ಲಿ ಹಿಂದೂ ವಿವಾಹ ಕಾಯ್ದೆಗೂ 13ಬಿ ಎಂದು ಸೇರಿತು, ಮಕ್ಕಳಿದ್ದವರಿಗೂ. ಇವತ್ತು ಪುಣೆಯ ಶಿವಾಜಿನಗರದಲ್ಲಿ ಆ ಕಲಮಿನ ಕೆಳಗೆ ಅರ್ಜಿ ಹಾಕುವ ಇಬ್ಬರಿಗೆ ತಾವು ಯಾವ ಕ್ರಾಂತಿಯನ್ನೂ ಮಾಡುತ್ತಿದ್ದೇವೆ ಅನ್ನಿಸುವುದಿಲ್ಲ. ಆರು ತಿಂಗಳು ಕಾಯಬೇಕಲ್ಲ ಎಂಬ ಬೇಸರ ಅಷ್ಟೇ. ಅದನ್ನೂ ಮನ್ನಾ ಮಾಡಬಹುದು ಎಂದು 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಹಾಗಾಗಿ ನನಗೆ ಬೇಕಾದದ್ದು ಚುನಾವಣೆಯಲ್ಲ, ಅಜ್ಜನಿಗೆ ಟೆಕ್ಸಾಸಿನಲ್ಲಿ ಸಿಕ್ಕಂಥ ಪುಟ. ಪಕ್ಷದ ಹೆಸರು, ದೇಣಿಗೆಯ ಗುಂಡಿ ತೆಗೆದು. ಒಂದು ಕೌಟುಂಬಿಕ ನ್ಯಾಯಾಲಯಕ್ಕೆ ಹೊಸ ನ್ಯಾಯಾಧೀಶರು ಬಂದಾಗ ಆ ರಾಜ್ಯದ ಭಾಷೆಯಲ್ಲಿ ಒಂದು ಪುಟ ಹೊರಬರಲಿ. ಎಲ್ಲಿಂದ ಬಂದರು, ಸಿವಿಲ್ ಕೋರ್ಟಿನಿಂದಲೋ ವಕೀಲಿಕೆಯಿಂದಲೋ, ಎಷ್ಟು ವರ್ಷ ಯಾವ ಬಗೆಯ ಕೇಸು ನೋಡಿದ್ದಾರೆ, ಮಕ್ಕಳ ಜೊತೆ ಮಾತಾಡುವ ತರಬೇತಿ ಆಗಿದೆಯೇ, ಇಲ್ಲಿ ಎಷ್ಟು ಕಾಲ ಇರುತ್ತಾರೆ. ಕೊನೆಯದು ಮುಖ್ಯ. ಅಳುವ ಮಗುವಿನ ಮುಖ ಗುರುತಿಟ್ಟುಕೊಳ್ಳುವಷ್ಟರಲ್ಲಿ ವರ್ಗವಾಗಿ ಹೋಗುವ ಜಡ್ಜ್ ಮುಂದೆ ಲಿಂಡ್ಸೆಯ ಶನಿವಾರಗಳು ಸಾಧ್ಯವೇ ಇಲ್ಲ. ಲಿಂಡ್ಸೆಗೆ 26 ವರ್ಷ ಸಿಕ್ಕಿತು, ಬೋಲಿನ್‌ಗೆ ಸುಮಾರು 40. ಅವರು ಪೀಠಕ್ಕೆ ಬಂದ ದಾರಿಗಿಂತ ಅಲ್ಲಿ ಉಳಿದ ಕಾಲದಿಂದಲೇ ಕೆಲಸ ಆಯಿತೇನೋ ಎಂದು ನನಗೆ ಬಲವಾದ ಅನುಮಾನ.

ಇದನ್ನು ಹೇಳಿದಾಗ ನನ್ನ ವಕೀಲ ಗೆಳತಿ ನಕ್ಕಳು. ಆ ಪುಟ ಬಂದರೆ ಮೊದಲು ಓದುವವರು ವಕೀಲರು, ಯಾವ ಜಡ್ಜ್ ಮುಂದೆ ಯಾವ ನಾಟಕ ಆಡಬೇಕೆಂದು ಲೆಕ್ಕ ಹಾಕಲು ಎಂದಳು. ಇರಬಹುದು. ಆದರೆ ಆ ಲೆಕ್ಕ ವಕೀಲರ ಹತ್ತಿರ ಈಗಲೂ ಇದೆ, ಬಾರ್ ರೂಮಿನ ಚಹಾದ ಜೊತೆ ಸಿಗುತ್ತದೆ. ಇಲ್ಲದಿರುವುದು ಹೊರಗೆ ಬೆಂಚಿನ ಮೇಲೆ ಟಿಫನ್ ಡಬ್ಬಿ ಹಿಡಿದು ಕೂತವರಿಗೆ. ಕೌಟುಂಬಿಕ ಕೋರ್ಟಿನಲ್ಲಿ ವಕೀಲರನ್ನು ಇಟ್ಟುಕೊಳ್ಳುವುದು ಹಕ್ಕಲ್ಲ ಎನ್ನುವ ಅದೇ ಕಾಯ್ದೆ, ವಕೀಲರಿಗೆ ಗೊತ್ತಿರುವುದನ್ನು ಕಕ್ಷಿದಾರರಿಗೂ ಹೇಳಬೇಕಲ್ಲವೇ?

ಲಿಂಡ್ಸೆಯ ಉಳಿದ ಕಥೆ: ಕ್ಯಾಲಿಫೋರ್ನಿಯಾಕ್ಕೆ ಹೋದ. 1934ರಲ್ಲಿ ಲಾಸ್ ಏಂಜಲೀಸ್ ಕೌಂಟಿಯ ಸುಪೀರಿಯರ್ ಕೋರ್ಟಿಗೆ ಚುನಾವಣೆಗೆ ನಿಂತು ಭಾರಿ ಬಹುಮತದಲ್ಲಿ ಗೆದ್ದ. ಅರವತ್ತೈದರ ಹತ್ತಿರ ಬಂದವನು, ಸ್ವಂತ ರಾಜ್ಯ ಸನ್ನದು ಕಿತ್ತುಕೊಂಡವನು. ಅಲ್ಲಿ ಒಡೆಯುತ್ತಿರುವ ಮನೆಗಳ ಮಕ್ಕಳಿಗಾಗಿ ರಾಜಿ ಕೋರ್ಟಿನ ಕಾನೂನು ತಾನೇ ಬರೆದು ಪಾಸು ಮಾಡಿಸಿ, 1939ರಿಂದ ಅದರಲ್ಲಿ ಕೂತ. ಮದುವೆ ಒಡೆಯುವವನು ಎಂದು ಹೆಸರಾದವನು ಕೊನೆಯ ವರ್ಷಗಳನ್ನು ಕಳೆದದ್ದು ಗಂಡ ಹೆಂಡಿರನ್ನು ಕೂರಿಸಿ ಮಾತಾಡಿಸುವುದರಲ್ಲಿ. 1943ರ ಮಾರ್ಚಿನಲ್ಲಿ ತೀರಿಕೊಳ್ಳುವಾಗಲೂ ಅವನು ಜಡ್ಜೇ ಆಗಿದ್ದ. ರಾಜಿ ಕೋರ್ಟಿನ ಆ ಏರ್ಪಾಟು ಇವತ್ತಿಗೂ ಕ್ಯಾಲಿಫೋರ್ನಿಯಾದ ಕುಟುಂಬ ಸಂಹಿತೆಯಲ್ಲಿದೆ.